ಸಾಬೂನು ಮುಟ್ಟದ ಮಗ್ದಲಿನ್

ಬೆಳಗ್ಗೆ ಆರೂವರೆ. ಶಿರಿಯದಿಂದ ಮೊದಲ ಬಸ್ಸಿಗೆ ಬಂದ ಮಗ್ದಲಿನ್ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬೀಗ ತೆಗೆದು, ನೀರಿನ ತೊಟ್ಟಿಯ ಸ್ವಿಚ್ ಹಾಕುತ್ತಾರೆ. ನೀರು ನಲವತ್ತು ಡಿಗ್ರಿಗೆ ಬಂದು ನಿಲ್ಲಲು ಒಂದು ಗಂಟೆ ಬೇಕು. ಅಷ್ಟರಲ್ಲಿ ಗಾಜಿನ ಫ್ಲಾಸ್ಕುಗಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ಜಾಲಿಸುತ್ತಾರೆ. ಒಂದನ್ನು ಕುಲುಕಿ ಕಿಟಕಿಗೆ ಹಿಡಿಯುತ್ತಾರೆ. "ಗುಳ್ಳೆ ನಿಂತ್ರೆ ಸೋಪು ಉಂಟು ಅಂತ."

ಏಳನೇ ತರಗತಿ ಓದಿದ ಇವರು ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಗುತ್ತಿಗೆಯ ಸಹಾಯಕಿ. ದಿನಕ್ಕೆ ಅರವತ್ತು ಫ್ಲಾಸ್ಕು. ಬೆರಳ ಸಂದಿಗಳು ಸದಾ ನೆನೆದು ಬೆಳ್ಳಗಾಗಿರುತ್ತವೆ.

ಪೈವಳಿಕೆಯ ನಿಖಿತಾ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ನೋವಿನ ಔಷಧ ಕರಗಿದ ನೀರಿಗೆ ಸಾಬೂನಿನಂಥ ವಸ್ತುವನ್ನು ಹನಿಹನಿಯಾಗಿ ಬೆರೆಸುತ್ತಾರೆ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ತೋರಿಸುವ ಮೀಟರಿನ ಅಂಕಿ ಏರುತ್ತ ಹೋಗಿ ಒಂದು ಹಂತದಲ್ಲಿ ನಿಧಾನವಾಗುತ್ತದೆ. ಸಾಬೂನಿನ ಕಣಗಳು ಗುಂಪುಗೂಡಿ ಔಷಧವನ್ನು ಒಳಗೆ ಸೇರಿಸಿಕೊಳ್ಳುವುದು ಅಲ್ಲಿಯೇ. ನೀರು ಬಿಸಿಯಾದಂತೆ ಆ ಹಂತ ಎಷ್ಟು ಸರಿಯುತ್ತದೆ ಎಂದು ನೋಡಿ, ಆ ಕೂಡಿಕೆ ಶಾಖವನ್ನು ಬಿಡುತ್ತದೋ ಹೀರುತ್ತದೋ ಎಂದು ಲೆಕ್ಕ ಹಾಕುತ್ತಾರೆ.

ಕಳೆದ ತಿಂಗಳು ಆ ಹಂತ ತುಂಬ ಬೇಗ ಬರತೊಡಗಿತು. ಮೂರು ವಾರದ ಅಂಕಿಗಳು ಹಳೆಯವಕ್ಕೆ ಹೊಂದಲಿಲ್ಲ. ಮಾರ್ಗದರ್ಶಕ ಹರಿನಾಥ ಸರ್ ನಿಖಿತಾರ ಕೈಯನ್ನೇ ಅನುಮಾನಿಸಿದರು. ಮಗ್ದಲಿನ್ ತಾವಾಗಿ ಅವರ ಕೋಣೆಗೆ ಹೋದರು. ಕೆಲಸ ಹೋಗಬಹುದಿತ್ತು.

"ತಪಾಸಣೆಗೆ ಜನ ಬರ್ತಾರಲ್ಲ, ಗಾಜು ಪಳಪಳ ಅನ್ಲಿ ಅಂತ ಮನೆಯ ಪಾತ್ರೆ ಸೋಪು ತಂದು ಉಜ್ಜಿದೆ. ಆಮೇಲೆ ಅದೇ ಅಭ್ಯಾಸ ಆಯ್ತು. ಗಾಜಲ್ಲಿ ಉಳಿದ ಆ ಸೋಪೇ ಲೆಕ್ಕ ಕೆಡಿಸಿದ್ದು. ಆ ಹುಡುಗಿಯದ್ದು ತಪ್ಪಿಲ್ಲ ಅಂತ ಹೇಳಿದೆ," ಎನ್ನುತ್ತಾರೆ. ಸರ್ ಅಂಕಿಗಳ ಪುಸ್ತಕ ತರಿಸಿ ನೋಡಿದರಂತೆ. ಕೊನೆಗೆ, ಎಲ್ಲವನ್ನೂ ಮತ್ತೆ ಮಾಡಿ ಎಂದರಂತೆ.

ಇವತ್ತು ಉಳಿದಿರುವುದು ನಲವತ್ತು ಡಿಗ್ರಿಯ ಪ್ರಯೋಗ ಮಾತ್ರ. ಪ್ರಬಂಧ ಒಪ್ಪಿಸಲು ನಾಲ್ಕೇ ದಿನ. ಇದೂ ಹೊಂದದಿದ್ದರೆ ನಿಖಿತಾರಿಗೆ ಒಂದು ವರ್ಷ ಹೋದಂತೆ. ಅವರು ಹನಿ ಬಿಡುತ್ತಾರೆ. ಮಗ್ದಲಿನ್ ಪಕ್ಕದಲ್ಲಿ ಅಲ್ಲಾಡದೆ ನಿಂತಿದ್ದಾರೆ.

"ಬಾಯಮ್ಮ, ಉಸಿರಾದ್ರೂ ಬಿಡಿ," ಎನ್ನುತ್ತಾರೆ ನಿಖಿತಾ. ಮಗ್ದಲಿನ್ ಅವರಿಗೆ ಬಾಯಮ್ಮ.

"ನೀನು ಹನಿ ಬಿಡು ಮಾರಾಯ್ತಿ. ನನ್ನ ಉಸಿರು ನಾನು ನೋಡಿಕೊಳ್ತೇನೆ."

ಮೂರು ಸಲ ಅಳೆದಾಗಲೂ ಏರಿಕೆ ತಗ್ಗುವುದು ಒಂದೇ ಕಡೆ. ಹಳೆಯ ಅಂಕಿಗಳ ಪುಸ್ತಕದಲ್ಲಿ ಇದ್ದ ಕಡೆಯೇ. ನಿಖಿತಾ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣು ಒರೆಸಿಕೊಳ್ಳುತ್ತಾರೆ.

"ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕ್ತೇನೆ ಬಾಯಮ್ಮ."

"ಹೆಸರು ಎಂತಕ್ಕೆ? ಸೋಪು ಹಾಕಿದ್ರೆ ಎಂತ ಆಗ್ತದೆ ಅಂತ ಬರೆ. ನಾನು ಹಾಕಿದ್ದು ಅಂತಲೇ ಬರೆ. ನಾನು ಹೋದ ಮೇಲೆ ತೊಳೆಯಲಿಕ್ಕೆ ಬರುವವಳಿಗೆ ಗೊತ್ತಾಗ್ಬೇಕಲ್ಲ."