ಜಿಮ್ಮಿನ ಮೇಲೆ ಪಂಚಮಿ

ದಾಂಡೇಲಿಗೆ ಬರುವ ಪ್ರವಾಸಿಗರೆಲ್ಲ ಕಾಳಿ ನದಿಯಲ್ಲಿ ರಾಫ್ಟಿನ ಮೇಲೆ ಕುಳಿತು ಕಿರುಚಿ ಹೋಗುತ್ತಾರೆ. ಇಲ್ಲೇ ಇರುವ ನಮಗೆ ಕಿರುಚಬೇಕೆನಿಸಿದರೆ ಪಾರ್ಕೇ ಗತಿ. ಅಲ್ಲಿ ಏನುಂಟು ಏನಿಲ್ಲ! ಮಕ್ಕಳಿಗೆ ಜಾರುಬಂಡಿ, ಸರಪಳಿಯ ಜೋಕಾಲಿ. ಹುಡುಗರಿಗೆ ಬಲೆಯಿಲ್ಲದ ಬ್ಯಾಡ್ಮಿಂಟನ್ ಅಂಕಣ. ಸಕ್ಕರೆ ಕಾಯಿಲೆಯವರಿಗೆ ಸುತ್ತಲೂ ವಾಕಿಂಗ್ ದಾರಿ. ಇತ್ತೀಚೆಗೆ ಹಳದಿ-ನೀಲಿ ಬಣ್ಣದ ಓಪನ್ ಜಿಮ್ ಕೂಡ ಬಂದಿದೆ.

ನನ್ನ ಅತ್ತೆಗೆ ಇದ್ಯಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಪಂಚಮಿಯ ದಿನ ನಿಂತು ಜೀಕುವುದು. ಅವರು ಧಾರವಾಡದ ಕಡೆಯ ಹಳ್ಳಿಯವರು. ಅಲ್ಲಿ ನಾಗರಪಂಚಮಿಗೆ ಬೇವಿನ ಮರಕ್ಕೆ ಹಗ್ಗ ಬಿಗಿದು, ಒಂದೇ ಹಲಗೆಯ ಮೇಲೆ ಇಬ್ಬರು ಹೆಂಗಸರು ಎದುರುಬದುರು ನಿಂತು ಮುಗಿಲು ಮುಟ್ಟುವಂತೆ ಜೀಕುತ್ತಾರೆ. ಮದುವೆಯಾದವಳು ಗಂಡನ ಹೆಸರು ಹೇಳದೆ ಇಳಿಯುವಂತಿಲ್ಲ. ಅತ್ತೆ ಹೊಸ ಸೊಸೆಯಾಗಿದ್ದಾಗ ಹೆಸರು ಹೇಳಲು ನಾಚಿ, ತೂಗುವ ಜೋಕಾಲಿಯಿಂದಲೇ ಜಿಗಿದು ಓಡಿದ್ದರಂತೆ. ಮಾವನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ ಸಿಕ್ಕು ಇಲ್ಲಿನ ಬಂಗೂರನಗರಕ್ಕೆ ಬಂದ ಮೇಲೆ ಜೋಕಾಲಿಯೂ ಹೋಯಿತು, ಹೆಸರು ಕೇಳುವವರೂ ಇಲ್ಲವಾದರು. ಇಂದಿಗೂ ಅವರು ಮಾವನನ್ನು ಕರೆಯುವುದು "ಏನ್ರೀ" ಎಂದೇ. ವಯಸ್ಸಾಗಿ ಮಾವನಿಗೆ ಕಿವಿ ಮಂದ. ಊಟದ ಹೊತ್ತಿನ ಆ "ಏನ್ರೀ" ಓಣಿಗೆಲ್ಲ ಕೇಳುತ್ತದೆ, ಮಾವನೊಬ್ಬರನ್ನು ಬಿಟ್ಟು.

ಈ ಸಲ ಅತ್ತೆ ಹಟ ಹಿಡಿದರು. ಶ್ರಾವಣ ಮುಗಿದ ಕೂಡಲೆ ಹುಬ್ಬಳ್ಳಿಯಲ್ಲಿ ಮೊಣಕಾಲಿನ ಆಪರೇಷನ್ ಎಂದು ನಿಶ್ಚಯವಾಗಿತ್ತು.

"ಆಮ್ಯಾಲ ಡಾಕ್ಟರು ನಿಂತು ಜೀಕಾಕ ಬಿಡತಾರೇನ? ಈ ಪಂಚಮಿ ತಪ್ಪಿತಂದ್ರ ತಪ್ಪೇ ಹೋತು," ಎಂದು ಶೇಂಗಾ ಉಂಡಿ ಕಟ್ಟುತ್ತಲೇ ಕಣ್ಣು ಒದ್ದೆ ಮಾಡಿಕೊಂಡರು. ನನ್ನ ಅತ್ತೆ ಅಳುವ ಪೈಕಿಯಲ್ಲ, ಅಳಿಸುವ ಪೈಕಿ. ನನಗೆ ಹೆದರಿಕೆಯೇ ಆಯಿತು.

ಪಂಚಮಿಯ ದಿನ ಮಳೆ ನಿಂತು ಹೊಳವಾಗುತ್ತಲೇ ಮೂವರೂ ಪಾರ್ಕಿಗೆ ಹೊರಟೆವು. ಮಾವ ಎಂದಿನಂತೆ ನಮ್ಮ ಪರಿಚಯವೇ ಇಲ್ಲದವರ ಹಾಗೆ ವಾಕಿಂಗ್ ದಾರಿ ಹಿಡಿದರು. ಅತ್ತೆ ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಕ್ಕಳ ಜೋಕಾಲಿಗೆ ಕಾಲಿಟ್ಟರೋ ಇಲ್ಲವೋ, ಪೀಪಿ ಊದುತ್ತ ಕಾವಲುಗಾರ ಓಡಿ ಬಂದ.

"ಯಮ್ಮಾ, ಇಳೀರಿ! ಬೋರ್ಡ್ ನೋಡ್ರಿ. ಮಕ್ಕಳಿಗೆ ಮಾತ್ರ ಐತಿ."

ಅತ್ತೆಗೆ ಓದು ಬಾರದು. ನನ್ನ ಮುಖ ನೋಡಿದರು. ಹೌದೆಂದು ತಲೆಯಾಡಿಸಿದೆ. ಅವರು ಇಳಿದು, ಉಂಡಿಯ ಡಬ್ಬಿಯನ್ನು ಅಪ್ಪಿಕೊಂಡು ಬೆಂಚಿನ ಮೇಲೆ ಕುಳಿತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವರ ಕಣ್ಣು ಜಿಮ್ಮಿನ ಕಡೆ ಹೋಯಿತು. ಅಲ್ಲೊಂದು ಯಂತ್ರ: ನಡುವೆ ಹಿಡಿಕೆಯ ಕಂಬ, ಎರಡೂ ಬದಿಗೆ ತೂಗುವ ಪಾದದ ಹಲಗೆ. ಇಬ್ಬರು ಹೆಂಗಸರು ಎದುರುಬದುರು ನಿಂತು ಸೊಂಟ ಕರಗಿಸಲು ಅತ್ತಿತ್ತ ತೂಗುತ್ತಿದ್ದರು.

"ಅಯ್ಯ ಶಿವನ, ಅಲ್ಲಿ ಐತಲ್ಲ ಜೋಕಾಲಿ!"

"ಅತ್ತಿ, ಅದು ಜಿಮ್ ಐತ್ರಿ. ವ್ಯಾಯಾಮದ್ದು."

"ಇಬ್ಬರು ಎದುರಾಬದುರಾ ನಿಂತು ಜೀಕಾಕತ್ತಾರ. ಜೋಕಾಲಿ ಅಲ್ಲದ ಮತ್ತೇನ, ಬೀಸುಕಲ್ಲ? ಮೊದಲ ಬೋರ್ಡ್ ಓದು."

ಓದಿದೆ. 'ದೊಡ್ಡವರಿಗೆ ಮಾತ್ರ.'

ಅತ್ತೆ ದಡಬಡಿಸಿ ಎದ್ದರು. ಆ ಹೆಂಗಸರು ಇಳಿಯುವುದೇ ತಡ, ಮನೆಯಿಂದ ತಂದಿದ್ದ ಅರಿಶಿನ ಕುಂಕುಮವನ್ನು ಯಂತ್ರಕ್ಕೆ ಹಚ್ಚಿ, ಬುಡದಲ್ಲಿ ಒಂದು ಉಂಡಿಯಿಟ್ಟು ಕೈಮುಗಿದರು. ಮತ್ತೆ ಪೀಪಿ.

"ಯಮ್ಮಾ, ಸರ್ಕಾರಿ ಸಾಮಾನಿಗೆ ಏನ ಹಚ್ಚಾಕತ್ತೀರಿ?"

"ದೊಡ್ಡವರಿಗೆ ಮಾತ್ರ ಅಂತ ಬರದೀರಿಲ್ಲೋ ತಮ್ಮಾ? ನನಗಿಂತ ದೊಡ್ಡಾಕಿ ಯಾರ ಅದಾರ ಇಲ್ಲಿ?" ಎಂದು ಅತ್ತೆ ಅವನ ಕೈಗೂ ಒಂದು ಉಂಡಿಯಿಟ್ಟರು. ಉಂಡಿ ಬಾಯಿಗೆ ಹೋದ ಮೇಲೆ ಪೀಪಿಗೆ ಜಾಗವೆಲ್ಲಿ?

ಇಬ್ಬರೂ ಹತ್ತಿದೆವು. ಕಿರ್ರೆಂದ ಯಂತ್ರ ಆಮೇಲೆ ಲಯಕ್ಕೆ ಬಂತು. ಉಪ್ಪು ಹೆಚ್ಚು, ಉಪ್ಪು ಕಡಿಮೆ ಎಂದು ದಿನಾ ಕಚ್ಚಾಡುವ ಅತ್ತೆ-ಸೊಸೆ ಮುಖಕ್ಕೆ ಮುಖ ಕೊಟ್ಟು ತೂಗಿದೆವು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಅತ್ತೆಯ ತುರುಬು ಬಿಚ್ಚಿ ಬೆನ್ನಿಗಿಳಿಯಿತು. ಅದರ ಖಬರೂ ಅವರಿಗಿರಲಿಲ್ಲ. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ನೋಡಿಯೇ ಇರಲಿಲ್ಲ.

"ಸಾಕ ಸಾಕ, ಇಳೀತೇನಿ ನಾ," ಎಂದರು ಕೊನೆಗೆ.

"ಹೆಸರ ಹೇಳಿ ಇಳೀರಿ."

"ಏ ಹುಚ್ಚಿ, ಮಣಕಾಲ ನೋಯಾಕತ್ತಾವ!"

"ಜೋಕಾಲಿ ಅಂದಾಕಿ ನೀವ. ಹಂಗಾದ್ರ ಪದ್ಧತೀನೂ ನಡೀಬೇಕು. ಇಲ್ಲಾ, ಇದು ಜಿಮ್ ಅಂತ ಒಪ್ಪಿಕೊಂಡು ಸುಮ್ನ ಇಳೀರಿ."

ಅತ್ತೆ ನನ್ನನ್ನು ಕೆಕ್ಕರಿಸಿ ನೋಡಿದರು. ದೂರದ ವಾಕಿಂಗ್ ದಾರಿಯಲ್ಲಿ ಮಾವನ ಬೆನ್ನು ಕಾಣುತ್ತಿತ್ತು. ಅತ್ತೆ ಉಸಿರೆಳೆದುಕೊಂಡು, ಇಡೀ ಪಾರ್ಕಿಗೆ ಕೇಳುವಂತೆ, ಹಿಂದೆ ಮುಂದೆ ಒಂದು 'ರೀ' ಕೂಡ ಇಲ್ಲದೆ ಆ ಹೆಸರು ಕೂಗಿಬಿಟ್ಟರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಹೇಳುವ ಹಕ್ಕು ಅವರದು.

ಊಟಕ್ಕೆ ಕರೆದರೂ ಕೇಳಿಸದ ಮಾವ ಗಕ್ಕನೆ ನಿಂತರು. ತಿರುಗಿದರು. ಒದ್ದೆ ಹುಲ್ಲನ್ನು ತುಳಿದುಕೊಂಡೇ ನೇರ ನಮ್ಮ ಕಡೆ ಬಂದರು.

"ಏನಂದಿ?"

"ಏನಿಲ್ಲರೀ," ಎಂದು ಅತ್ತೆ ತಲೆ ತಗ್ಗಿಸಿದರು.

ಮಾವ ನನಗೆ "ನೀ ಇಳಿಯವ್ವಾ" ಎಂದು ಚಪ್ಪಲಿ ಬಿಟ್ಟರು. ನಾನಿದ್ದ ಜಾಗಕ್ಕೆ ಹತ್ತಿ, ಕಂಬ ಹಿಡಿದು, ಅತ್ತೆಗೆ ಎದುರಾಗಿ ನಿಂತರು.

"ಇನ್ನೊಮ್ಮೆ ಅನ್ನು. ಅಲ್ಲೀತನಕ ನಾನೂ ಇಳಿಯಂಗಿಲ್ಲ."