ಹುಬ್ಬಳ್ಳಿ ತನಕದ ಭೂಮಿ

ಮೊನ್ನೆ ನನ್ನ ಹೆಂಡತಿ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಹಪ್ಪಳ ಒಣಹಾಕಿದ್ದಳು. ಪ್ಲಾಸ್ಟಿಕ್ ಹಾಳೆ ಗಾಳಿಗೆ ಏಳದಂತೆ ಮೂಲೆಗಳಿಗೆ ಇಟ್ಟಿಗೆ ಇಟ್ಟಿದ್ದಳು. ಒಂದು ಮೂಲೆಗೆ ಮಾತ್ರ ಇಟ್ಟಿಗೆ ಸಿಕ್ಕಿರಲಿಲ್ಲವೇನೋ, ಅಲ್ಲಿ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಕೂತಿತ್ತು.

“ಇದನ್ಯಾಕ ಇಲ್ಲಿ ತಂದಿಟ್ಟಿ?” ಅಂದೆ.

“ಭಾರ ಐತಿ, ಅದಕ್ಕ ಇಟ್ಟೀನಿ. ಮತ್ತೇನರ ಉಪಯೋಗ ಐತೇನು ಅದರದು?”

ಬಿಸಿಲಿಗೆ ಕಾದ ಆ ಲೋಹದ ಡಬ್ಬಿಯನ್ನು ಕೈಗೆತ್ತಿಕೊಂಡೆ. ಇಂಗು, ಮೆಣಸಿನ ವಾಸನೆಯ ನಡುವೆ ನಮ್ಮ ವೈನಿ ನೆನಪಾದರು.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ನಮ್ಮ ತಂದೆ ಸರಕಾರಿ ನೌಕರಿಗೆಂದು ಧಾರವಾಡದ ಕಡೆಯಿಂದ ಹೈದರಾಬಾದಿಗೆ ಬಂದು ಇಲ್ಲಿಯವರೇ ಆದವರು. ಅವರ ಇಬ್ಬರು ಮಕ್ಕಳಲ್ಲಿ ಸೈಕಲ್ ಮೊದಲು ಕಲಿತವನೂ ಅಣ್ಣ, ವಿಮಾನ ಕಲಿತವನೂ ಅಣ್ಣ. ನಾನು ಸೈಕಲ್ಲನ್ನಷ್ಟೇ ಕಲಿತೆ, ಅದೂ ಇಳಿಯುವಾಗ ಇಂದಿಗೂ ಕಟ್ಟೆ ಹುಡುಕುತ್ತೇನೆ. ಅವನು ಪೈಲಟ್ ಆದ, ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಾಸ್ತರನಾದೆ. ವಸ್ತುಗಳು ಹೇಗೆ ಹಾರುತ್ತವೆ ಎಂಬುದನ್ನು ಕರಿಹಲಗೆಯ ಮೇಲೆ ನನ್ನಷ್ಟು ಚೆನ್ನಾಗಿ ಅವನಿಂದ ಬಿಡಿಸಲಾಗುವುದಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಅಣ್ಣ ಒಳ್ಳೆಯ ಪೈಲಟ್ ಆಗಿದ್ದ. ನಡುವಯಸ್ಸಿನಲ್ಲಿ ಒಳಕಿವಿಯ ತೊಂದರೆ ಕಾಣಿಸಿಕೊಂಡಿತು. ಊಟಕ್ಕೆ ಕೂತಲ್ಲಿ, ಹಾದಿಯಲ್ಲಿ, ಎಲ್ಲೆಂದರಲ್ಲಿ ತಲೆ ಗಿರ್ರೆಂದು ತಿರುಗುತ್ತಿತ್ತು. ಡಾಕ್ಟರರು ಇನ್ನು ವಿಮಾನ ನಡೆಸುವಂತಿಲ್ಲ ಎಂದು ಬರೆದುಕೊಟ್ಟರು. ಅವನು ವಾದ ಮಾಡಲಿಲ್ಲ. ಸಮವಸ್ತ್ರವನ್ನು ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿಟ್ಟ, ಮೆಹದಿಪಟ್ಟಣಂ ಹತ್ತಿರದ ವಿಮೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ. ವಿಮಾನ ನಿಲ್ದಾಣವಿರುವ ಶಂಶಾಬಾದಿನ ಕಡೆ ತಲೆ ಹಾಕಲಿಲ್ಲ. ನೆಂಟರು ವಿಮಾನದಲ್ಲಿ ಬಂದರೆ ಕರೆತರಲು ನನಗೇ ಫೋನು. ಮನೆಯ ಮೇಲೆ ವಿಮಾನ ಹೋದರೆ ಟೀವಿಯ ಸದ್ದು ಹೆಚ್ಚಿಸುತ್ತಿದ್ದ. ನಾವು ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಒಂದು ಮನೆಯಲ್ಲಿ ಎತ್ತದ ಮಾತು ಎಷ್ಟು ಜಾಗ ಹಿಡಿಯುತ್ತದೆ ಎಂಬುದು ನಿಮಗೂ ಗೊತ್ತಿರಬೇಕು.

ಹೀಗಿರುವಾಗ ವೈನಿ ಒಂದು ದಿನ ಮೆಟ್ರೋ ಹತ್ತಿ ನಮ್ಮ ಮನೆಗೆ ಬಂದರು. ಚಹಾ ಕುಡಿದು ಲೋಟ ಕೆಳಗಿಟ್ಟು, “ಮಾಸ್ತರ್ರ, ಕಂಪ್ಯೂಟರಿನಾಗ ವಿಮಾನ ನಡಸೂದು ಇರತೈತಂತಲ್ಲ, ಅದು ನನಗ ಬೇಕು” ಅಂದರು.

“ಅಣ್ಣಗೇನು?”

“ಅಲ್ರಿ, ನನಗ. ಇವರು ಇಷ್ಟು ವರ್ಷ ಹಾರಿದ್ರು. ವಿಮಾನದ ಮುಂದಿನ ಕೋಣ್ಯಾಗ ಅವರ ಬಾಜೂಕ ಒಂದಿನಾನೂ ನಾ ಕೂತಿಲ್ಲ. ಅಲ್ಲಿಂದ ಏನು ಕಾಣತಿತ್ತು, ಏನು ಮಾಡತಿದ್ರು, ಒಂದೂ ಗೊತ್ತಿಲ್ಲ. ಈಗ ಕೇಳಿದ್ರ ಹೇಳಂಗಿಲ್ಲ. ನಾನs ನೋಡ್ತೀನಿ.”

ಕಂಪ್ಯೂಟರ್ ಜೋಡಿಸುವುದರಲ್ಲಿ ನಮ್ಮ ಬಳಗದಲ್ಲಿ ನನಗೊಂದು ಹೆಸರಿದೆ. ಆ ಹೆಸರು ಹೇಗೆ ಬಂತೆಂದು ನನಗೂ ಗೊತ್ತಿಲ್ಲ. ಇಂಥ ತಂತ್ರಾಂಶಕ್ಕೆ ಎಂಥ ಡಿಸ್ಕ್ ಹಾಕಬೇಕು ಎಂಬುದರ ಮೇಲೆ ನಾನು ವಾರವಿಡೀ ಓದಿದೆ. ಜಗತ್ತಿನ ನೆಲವೆಲ್ಲ, ಬೆಟ್ಟ, ನದಿ, ಊರು, ರನ್‌ವೇ ಸಮೇತ ಅದರೊಳಗೆ ಹಿಡಿಸಬೇಕು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ವೇಗದ ಡಿಸ್ಕ್ ಅಷ್ಟು ದೊಡ್ಡದು ನಮ್ಮ ಕೈಗೆಟುಕುವಂತಿರಲಿಲ್ಲ. ಹಾರ್ಡ್ ಡಿಸ್ಕಿನಲ್ಲಾದರೆ ಜಗತ್ತು ಹಿಡಿದು ಇನ್ನೂ ಜಾಗ ಉಳಿಯುತ್ತಿತ್ತು. ಜಗತ್ತು ಸಿಗುವಾಗ ಕಡಿಮೆಯದನ್ನು ಯಾರು ತೆಗೆದುಕೊಳ್ಳುತ್ತಾರೆ? ಹಾರ್ಡ್ ಡಿಸ್ಕನ್ನೇ ಹಾಕಿ, ವಿಮಾನ ತಿರುಗಿಸಲು ಒಂದು ಸ್ಟಿಕ್ ಜೋಡಿಸಿ, ಅವರ ಮನೆಯ ಹಾಲ್‌ನಲ್ಲಿ ಇಟ್ಟು ಬಂದೆ.

ವೈನಿ ದಿನಾ ಮಧ್ಯಾಹ್ನ ಅದರ ಮುಂದೆ ಕೂರತೊಡಗಿದರು. ಚಾಲೂ ಮಾಡಿ ಬೇಳೆ ಕುಕ್ಕರಿಗಿಟ್ಟರೆ ಸೀಟಿ ಹೊಡೆದರೂ ತೆರೆಯ ಮೇಲೆ ವಿಮಾನ ಬಂದಿರುತ್ತಿರಲಿಲ್ಲವಂತೆ. ಬಂದ ನಂತರ ಮೇಲೆ ಹಾರುವಾಗ ಚಿಂತೆಯಿಲ್ಲ. ಕೆಳಗಿಳಿಯುವಾಗ ಊರಿಗೆ ಊರೇ ಒಮ್ಮೆಗೆ ಬೇಕಾಗುತ್ತದೆ; ಡಿಸ್ಕ್ ಕರಕರ ಎನ್ನುತ್ತ ಒದ್ದಾಡುತ್ತಿತ್ತು. ರನ್‌ವೇ ಇರಬೇಕಾದಲ್ಲಿ ಹಸಿರು ಗಂಜಿ ಚೆಲ್ಲಿದಂತೆ ಏನೋ ಕಾಣುತ್ತಿತ್ತು. ಚಿತ್ರ ನಿಂತು, ಜಿಗಿದು, ಮತ್ತೆ ನಿಂತು, ಕೊನೆಗೆ ವಿಮಾನ ನೆಲಕ್ಕೆ ಬಡಿಯುತ್ತಿತ್ತು. ಅಣ್ಣ ಒಳಕೋಣೆಯಲ್ಲಿ ಪೇಪರ್ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಒಂದು ಭಾನುವಾರ ನಾನೂ ಅಲ್ಲಿದ್ದೆ. ವಿಮಾನ ಮತ್ತೆ ಬಿತ್ತು. ಅಣ್ಣ ಎದ್ದು ಬಂದ.

“ಸುಮಾ, ಎಷ್ಟು ಸಲ ಬೀಳಸ್ತೀ? ಸರಿ ಅತ್ತಾಗ” ಎಂದು ವೈನಿಯನ್ನು ಎಬ್ಬಿಸಿ ತಾನು ಕೂತ. ಸ್ಟಿಕ್ಕಿನ ಮೇಲೆ ಅವನು ಕೈ ಇಟ್ಟ ರೀತಿ ನೋಡಿ ವೈನಿ ನನ್ನ ಕಡೆ ತಿರುಗಿದರು, ಕಣ್ಣುಗಳು ಒದ್ದೆಯಾಗಿದ್ದವು. ಅವನು ಸಲೀಸಾಗಿ ಏರಿದ, ಸುತ್ತು ಹಾಕಿದ, ಇಳಿಸಲು ಬಂದ. ಆಗ ಚಿತ್ರ ನಿಂತಿತು, ಜಿಗಿಯಿತು, ವಾಲಿತು. ಅಣ್ಣನ ಮುಖ ಬಿಳಿಚಿಕೊಂಡಿತು. ಮೇಜು ಹಿಡಿದು ಏಳಲು ಹೋದವನು ನೆಲಕ್ಕೆ ಕುಸಿದ. ವಾಂತಿ ಮಾಡಿಕೊಂಡ. ಎರಡು ದಿನ ಹಾಸಿಗೆಯಿಂದ ಏಳಲಿಲ್ಲ.

ವೈನಿ ಕಂಪ್ಯೂಟರಿನ ಮೇಲೆ ಹಳೆಯ ಇಲಕಲ್ ಸೀರೆಯ ತುಂಡು ಹೊದಿಸಿದರು. “ಒಯ್ಯಿರಿ ಮಾಸ್ತರ್ರ ಇದನ್ನ. ನನ್ನ ಆಸೆಗೆ ಅವರನ್ನ ಬೀಳಿಸಿದೆ” ಅಂದರು. ನಾನು ಒಯ್ಯಲು ಹೋದ ದಿನ ತಂತಿ ಬಿಚ್ಚುತ್ತಿದ್ದರೆ ಅಣ್ಣ ಬಾಗಿಲಲ್ಲಿ ನಿಂತಿದ್ದ.

“ಅದು ಯಾಕ ಹಂಗ ನಿಂತು ನಿಂತು ಓಡತಿತ್ತು?”

ನಾನು ಮಾಸ್ತರನಲ್ಲವೇ, ಕೇಳಿದರೆ ಬಿಡುತ್ತೇನೆಯೇ? ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ಗರಗರ ತಿರುಗುತ್ತಿರುತ್ತದೆ, ಬೇಕಾದ್ದನ್ನು ಹುಡುಕುತ್ತ ಒಂದು ಕಡ್ಡಿ ಅದರ ಮೇಲೆ ಆಚೀಚೆ ಓಡಾಡುತ್ತದೆ, ನೆಲ ಹತ್ತಿರವಾದಾಗ ಅದರ ಓಟ ಸಾಲುವುದಿಲ್ಲ ಎಂದೆ. ಎಸ್‌ಎಸ್‌ಡಿಯಲ್ಲಿ ಆ ಗೊಡವೆಯಿಲ್ಲ, ಬರೀ ಚಿಪ್ ಎಂದೆ.

“ಅಂದ್ರ ತಿರುಗೂದೇನೂ ಇಲ್ಲೇನು ಅದರಾಗ?”

“ಇಲ್ಲಣ್ಣಾ.”

“ನನ್ನ ತಲಿಗಿಂತ ಚಲೋ ಆತಲ್ಲ. ಅದನ್ನs ಹಾಕು.”

ವರ್ಷಗಳ ಮೇಲೆ ಅವನಾಡಿದ ಮೊದಲ ತಮಾಷೆ. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಅತ್ತರು. ಜಗತ್ತೆಲ್ಲ ಅದರಲ್ಲಿ ಹಿಡಿಸುವುದಿಲ್ಲವಲ್ಲ ಎಂದು ನಾನು ತಗಾದೆ ತೆಗೆದೆ.

“ನಮಗ ಲಂಡನ್ ಯಾಕ ಬೇಕ್ರಿ?” ಅಂದರು ವೈನಿ. “ಹೈದರಾಬಾದಿಂದ ಹುಬ್ಬಳ್ಳಿ ತನಕ ಭೂಮಿ ಇದ್ರ ಸಾಕು.”

ಹಾರ್ಡ್ ಡಿಸ್ಕ್ ತೆಗೆದು ನಮ್ಮ ಮನೆಗೆ ಒಯ್ದೆ, ಅಷ್ಟೇ ಭೂಮಿ ಹಾಕಿ ಸಣ್ಣದೊಂದು ಎಸ್‌ಎಸ್‌ಡಿ ಜೋಡಿಸಿದೆ. ಚಿತ್ರ ನೀರಿನಂತೆ ಹರಿಯಿತು. ಆದರೂ ಅಣ್ಣನಿಗೆ ತೆರೆ ನೋಡಲಾಗಲಿಲ್ಲ. ನಾಲ್ಕು ನಿಮಿಷಕ್ಕೇ ಹಣೆ ಬೆವರಿತು. ಇದೂ ಮುಗಿಯಿತು ಎಂದುಕೊಂಡೆ. ಅವನು ಎದ್ದು, ಕುರ್ಚಿಯನ್ನು ವೈನಿಯ ಪಕ್ಕಕ್ಕೆ ಎಳೆದು, ತೆರೆಗೆ ಬೆನ್ನು ಹಾಕಿ ಕೂತ.

“ನೀ ನಡಸು. ಏನು ಕಾಣತೈತಿ, ಹೇಳಿಕೋತ ಹೋಗು. ಎತ್ತರ?”

“ಮೂರು ಸಾವಿರ ಅಡಿ.”

“ವೇಗ?”

“ಎಂಬತ್ತು. ರನ್‌ವೇ ಎಡಕ್ಕೈತ್ರಿ.”

“ಜರಾ ಎಡಕ್ಕ ತಿರುವು. ಅವಸರ ಬ್ಯಾಡ. ಈಗ?”

“ಬರೋಬ್ಬರಿ ಎದುರಿಗೆ ಬಂತು. ಎರಡೂವರಿ ಸಾವಿರ. ಅಯ್ಯ, ನೆಲ ಭಾಳ ಲಗೂ ಬರಾಕತ್ತೈತಿ!”

“ಬರ್ಲಿ. ಊರs ಎರಡು ಸಾವಿರ ಅಡಿ ಎತ್ತರದಾಗೈತಿ, ನೆಲ ಬರೂದs ಹಂಗ. ಇಂಜಿನ್ ಸಣ್ಣ ಮಾಡು. ಈಗ ಮೆಲ್ಲಕ ಎಳಿ... ಇನ್ನೂ ಮೆಲ್ಲಕ...”

ಗಾಲಿ ನೆಲ ಮುಟ್ಟಿದ ಸದ್ದು ಕೇಳಿ ಅಣ್ಣ ಉಸಿರು ಬಿಟ್ಟ. ವೈನಿ ಸ್ಟಿಕ್ ಬಿಟ್ಟು ಅವನ ತೋಳು ಹಿಡಿದುಕೊಂಡರು. ನಾನು ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋದೆ.

ಹಪ್ಪಳದ ದಿನ ಇಷ್ಟೆಲ್ಲ ನೆನಪಾದದ್ದು. ಅದಾದ ವಾರದಲ್ಲೇ ಅಣ್ಣನ ಫೋನು ಬಂತು.

“ತಮ್ಮಾ, ಶುಕ್ರವಾರ ಜರಾ ಶಂಶಾಬಾದಿಗೆ ಹೋಗೂದೈತಿ.”

“ಯಾರು ಬರಾಕತ್ತಾರ?” ಎಂದೆ, ರೂಢಿಯಂತೆ.

“ಯಾರೂ ಬರಂಗಿಲ್ಲ. ನಾವು ಹೊಂಟೀವಿ. ಹುಬ್ಬಳ್ಳ್ಯಾಗ ನಿಮ್ಮ ವೈನಿ ತಂಗಿ ಮಗಳ ಲಗ್ನ.”

ಶುಕ್ರವಾರ ಇಬ್ಬರನ್ನೂ ಅಲ್ಲಿ ಬಿಟ್ಟು ಬಂದೆ. ಗಾಜಿನ ಬಾಗಿಲ ಹತ್ತಿರ ಅಣ್ಣ ಒಂದು ಗಳಿಗೆ ನಿಂತ; ವೈನಿ ಕೈಚೀಲ ಅವನ ಕೈಗೆ ಕೊಟ್ಟು ಮುಂದೆ ನಡೆದರು, ಅವನು ಹಿಂದೆ ಹೋದ. ಮಧ್ಯಾಹ್ನ ಕಾಲೇಜಿನಲ್ಲಿದ್ದಾಗ ಫೋನು ಮಾಡಿದ.

“ಮುಟ್ಟಿದಿವಿ. ಇಳಿಯೋ ತನಕ ನಾ ಕಣ್ಣು ಮುಚ್ಚಿದ್ದೆ. ಇಕಿ ಕಿಡಕ್ಯಾಗಿಂದ ಎಲ್ಲಾ ಹೇಳಿದ್ಲು, ಹೊಲ ಬಂತು, ಕೆರಿ ಬಂತು ಅಂತ. ಸುತ್ತಲಿನ ಮಂದಿ ನಗಾಕತ್ತಿದ್ರು.”

“ತಲಿ ತಿರುಗಲಿಲ್ಲೇನು?”

“ತಿರುಗಿತು, ಯಾಕ ತಿರುಗಂಗಿಲ್ಲ? ಕೇಳಿಲ್ಲಿ. ಪೈಲಟ್ ಒಬ್ಬಾಕಿ ಸಣ್ಣ ಹುಡುಗಿ. ಗಾಳಿ ಅಡ್ಡ ಇತ್ತು, ಆದ್ರೂ ಗಾಲಿ ಮುಟ್ಟಿದ್ದು ಗೊತ್ತಾಗಲಿಲ್ಲ. ಹೊರಗ ಬರುವಾಗ ಬಾಗಿಲದಾಗ ನಿಂತು ಅಕಿಗೆ ಹೇಳಿ ಬಂದೆ, ಭಾಳ ಚಂದ ಇಳಿಸಿದ್ರಿ ಅಂತ.”

ಅವನ ದನಿಯಲ್ಲಿ ಹಳೆಯ ಹುರುಪಿತ್ತು. ಕ್ಲಾಸಿನ ಗಂಟೆ ಹೊಡೆದಿತ್ತು. ನಾನು ಅವಸರ ಮಾಡಲಿಲ್ಲ. ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದು ಹೇಗೆಂದು ಅಣ್ಣ ಬಿಡಿಸಿ ಬಿಡಿಸಿ ಹೇಳುತ್ತಿದ್ದ, ನಾನು ವರಾಂಡದಲ್ಲಿ ನಿಂತು ಕೇಳಿದೆ.