ಮುಸ್ಸಂಜೆಗೆ ಕಣ್ಣು ಕಳೆದುಕೊಂಡ ಸಿಪಾಯಿ

ಪೀಪಾಯಿ ಮಾಡುವ ಕಸುಬಿನ ಏಸಾ ವಿಟ್‌ಕಮ್, ವರ್ಮಾಂಟ್‌ನ ತನ್ನ ಊರು ಬಿಟ್ಟು ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯ ಸೇರಿ ಎರಡು ವರ್ಷವಾಗಿತ್ತು. ಅಲ್ಲಿಯವರೆಗೂ ಗುಂಡಿಗೆ ಸಿಗದೆ ಉಳಿದಿದ್ದ. ಆದರೆ ಪೀಟರ್ಸ್‌ಬರ್ಗ್ ಎಂಬ ಶತ್ರುಗಳ ಪಟ್ಟಣದ ಎದುರು ಕಂದಕ ತೋಡಿ ಕೂತ ಆ ಬೇಸಿಗೆ ಅವನನ್ನು ಹಣ್ಣು ಮಾಡಿತು. ಮೂರು ಹೊತ್ತೂ ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಕರಿ ಕಾಫಿ. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದರೆ ಹುಳುಗಳು ಮೇಲೆ ತೇಲುತ್ತಿದ್ದವು. ಅವನ್ನು ತೆಗೆದುಹಾಕಿ ಕುಡಿಯುವುದು ಎಲ್ಲರಿಗೂ ರೂಢಿಯಾಗಿತ್ತು. ಸೊಪ್ಪು ತರಕಾರಿಯ ಮುಖ ಕಂಡು ತಿಂಗಳುಗಳೇ ಆಗಿದ್ದವು.

ಒಂದು ದಿನ ಸೂರ್ಯ ಮುಳುಗುತ್ತಿದ್ದಂತೆ ಏಸಾನ ಕಣ್ಣಿಗೆ ಮಸಿ ಬಳಿದಂತಾಯಿತು. ಬೆಳಗಾದರೆ ನೋಟ ಸರಿ. ಸಂಜೆಯಾದರೆ ಮತ್ತೆ ಅದೇ ಕತ್ತಲೆ. ಗೆಳೆಯ ಲೆವಿಯ ಬೆಲ್ಟು ಹಿಡಿದು ನಡೆಯತೊಡಗಿದ. ರಾತ್ರಿ ಕಾವಲು ತನ್ನಿಂದಾಗದು ಎಂದಾಗ ಸಾರ್ಜೆಂಟ್ ಡಫಿ ನಂಬಲಿಲ್ಲ.

"ಹಗಲೆಲ್ಲ ಇಸ್ಪೀಟಾಡೋಕೆ ಕಣ್ಣಿದೆ, ಕಾವಲು ಅಂದ್ರೆ ಕುರುಡು. ನಿನ್ ಕಣ್ಣಿಗೆ ಗಡಿಯಾರ ಕಟ್ಟಿದಾರೇನಯ್ಯಾ?"

ಸುತ್ತಲಿದ್ದವರು ನಕ್ಕರು. ಪುಕ್ಕಲ ಅನ್ನಿಸಿಕೊಳ್ಳುವುದಕ್ಕಿಂತ ಗುಂಡೇಟೇ ವಾಸಿ ಅನ್ನಿಸಿತು ಏಸಾನಿಗೆ.

ಮರುದಿನ ಮುಸ್ಸಂಜೆ ಡಫಿ, ಚರಂಡಿಗೆ ಅಡ್ಡ ಹಾಕಿದ್ದ ಹಲಗೆಯನ್ನು ಸದ್ದಿಲ್ಲದೆ ಸರಿಸಿ, ಆಚೆ ಬದಿಯಿಂದ ಅವನನ್ನು ಕಾಫಿಗೆ ಕರೆದ. ನಾಟಕವಾಡುವವನಾದರೆ ಅಂಚಿನಲ್ಲಿ ನಿಲ್ಲುತ್ತಾನೆ ಎಂಬುದು ಅವನ ಎಣಿಕೆ. ಏಸಾ ನಿಲ್ಲಲಿಲ್ಲ. ಹಲಗೆಯಿದ್ದ ಜಾಗಕ್ಕೆ ಕಾಲಿಟ್ಟು, ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದ. ಈ ಸಲ ಯಾರೂ ನಗಲಿಲ್ಲ. ಡಫಿ ತಾನೇ ಇಳಿದು ಅವನನ್ನು ಎತ್ತಿದ.

"ನಿಜವಾಗ್ಲೂ ಕಾಣ್ಲಿಲ್ವಾ?"

"ಕಂಡಿದ್ರೆ ಈ ಗಬ್ಬುನೀರಿಗೆ ಬೀಳ್ತಿದ್ನಾ ಸಾರ್ಜೆಂಟ್ರೇ? ಹಲಗೆ ಎಲ್ಲೋಯ್ತು?"

"ನಾನೇ ತೆಗ್ದೆ ಕಣಯ್ಯಾ. ತಪ್ಪಾಯ್ತು."

ಹಾಗೇ ಕೈಹಿಡಿದು ವೈದ್ಯರ ಡೇರೆಗೆ ಕರೆದೊಯ್ದ. ವೈದ್ಯರು ಮೇಣದಬತ್ತಿಯನ್ನು ಹತ್ತಿರ ತಂದರೂ ಏಸಾನ ಕಣ್ಣಪಾಪೆ ಕಿರಿದಾಗಲಿಲ್ಲ. ಇದು ಇರುಳುಗುರುಡು, ಊಟದ ದೋಷ, ಬೇರೆ ತುಕಡಿಗಳಲ್ಲೂ ನೋಡಿದ್ದೇನೆ ಎಂದರು. ನೋಟ ಮರಳುತ್ತದೆಯೇ ಎಂದು ಏಸಾ ಕೇಳಿದ. ವೈದ್ಯರು ಅವನ ಹೆಗಲು ತಟ್ಟಿ, ಖಂಡಿತ ಮರಳುತ್ತದೆ ಎಂದು ಹೇಳಿ, ಈರುಳ್ಳಿ, ಸೊಪ್ಪು, ಎತ್ತಿನ ಲಿವರ್ ತಿನ್ನಲು ಹೇಳಿದರು. ಕಾವಲಿನಿಂದ ಬಿಡುವೂ ಬರೆದುಕೊಟ್ಟರು.

ಅಂದಿನಿಂದ ಡಫಿ ದಿನವೂ ಸೈನ್ಯದ ಕಸಾಯಿಯವರನ್ನು ಕಾಡಿಬೇಡಿ ಲಿವರ್ ತಂದು, ಅರೆಬರೆ ಸುಟ್ಟು, ಅವನು ತಿನ್ನುವವರೆಗೂ ಎದುರಿಗೇ ಕೂರುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಬೆಳಕು ಹೋದರೂ ಏಸಾನಿಗೆ ಡೇರೆಯ ಅಂಚು ಕಂಡಿತು. ಆಮೇಲೆ ಎದುರಿಗಿದ್ದ ಟೋಪಿ, ಅದರ ಕೆಳಗೊಂದು ಮುಖ.

"ನಿಮ್ ಗಡ್ಡದಲ್ಲಿ ಬಿಸ್ಕತ್ ಪುಡಿ ಅಂಟ್ಕೊಂಡಿದೆ, ಸಾರ್ಜೆಂಟ್ರೇ," ಎಂದ.

ಡಫಿ ಗಡ್ಡ ಸವರಿಕೊಂಡ. ಬೆರಳಿಗೆ ನಿಜವಾಗಿಯೂ ಪುಡಿ ಹತ್ತಿತು. ಆಮೇಲೆ ಇಬ್ಬರೂ ನಕ್ಕರು. ಏಸಾನ ನಗು ಬೇಗ ನಿಲ್ಲಲಿಲ್ಲ. ಡಫಿ ಎಷ್ಟು ಕರೆದರೂ ಡೇರೆಯೊಳಗೆ ಬಾರದೆ, ಒಂದೊಂದೇ ಮೂಡುತ್ತಿದ್ದ ನಕ್ಷತ್ರಗಳನ್ನು ನೋಡುತ್ತ ಹುಲ್ಲಿನ ಮೇಲೆ ಮಲಗಿಬಿಟ್ಟ.